ಫುಲ್ ಸ್ಪೀಡ್ ಹಾಕಿದರೆ ಬ್ರೇಕರ್ ಬೀಳುತ್ತದೆ, ಪ್ಲಗ್ ಕೈ ಸುಡುತ್ತದೆ: ಟ್ರೋಲಿಂಗ್ ಮೋಟರ್ ವೈರಿಂಗ್ ಗೊತ್ತಿರುವವರು ಹೇಳಿ

ಹಾಯಿಲ್ಲದವ
ಎಲ್ಲರಿಗೂ ನಮಸ್ಕಾರ. ಒಂದು ಹಳೆಯ ಫೈಬರ್ ದೋಣಿ ಕೊಂಡಿದ್ದೇನೆ. ಮುಂದಿನ ತುದಿಯಲ್ಲಿ 12 ವೋಲ್ಟಿನ, 55 ಪೌಂಡ್ ಥ್ರಸ್ಟ್‌ನ (ಎಳೆತದ) ಟ್ರೋಲಿಂಗ್ ಮೋಟರ್, ಅಂದರೆ ಬ್ಯಾಟರಿಯಿಂದ ದೋಣಿ ಓಡಿಸುವ ಸಣ್ಣ ಮೋಟರ್, ದೋಣಿಯ ಜೊತೆಗೇ ಬಂತು. ವೈರಿಂಗ್ ಕೂಡ ಹಿಂದಿನವರು ಮಾಡಿಸಿದ್ದೇ. ಬ್ಯಾಟರಿ ಹಿಂದುಗಡೆ ಇದೆ. 100 ಎಎಚ್ (ಆಂಪ್-ಅವರ್) ಲೆಡ್ ಆಸಿಡ್, ಡೀಪ್ ಸೈಕಲ್ (ತುಂಬಾ ಹೊತ್ತು ಕರೆಂಟ್ ಕೊಡುವಂಥದ್ದು), ಹೊಸದು. ಅಲ್ಲಿಂದ ಮುಂದಿನವರೆಗೆ ವೈರ್ ಸುಮಾರು ನಾಲ್ಕೂವರೆ ಮೀಟರ್. ವೈರ್ ಮೇಲೆ 6 ಸ್ಕ್ವೇರ್ ಎಂಎಂ ಅಂತ ಅಚ್ಚಾಗಿದೆ. 50 ಆಂಪ್ ಬ್ರೇಕರ್ (ಕರೆಂಟ್ ಮಿತಿ ಮೀರಿದರೆ ತಾನಾಗಿಯೇ ಕಡಿಯುವ ಸ್ವಿಚ್) ಒಂದು ಮೋಟರಿನ ಹತ್ತಿರ, ಅದರ ಪಕ್ಕದಲ್ಲೇ ಎರಡು ಪಿನ್ನಿನ ಪ್ಲಗ್.

ನಿಧಾನಕ್ಕೆ ಹೋದರೆ ಏನೂ ತೊಂದರೆ ಇಲ್ಲ. ಫುಲ್ ಸ್ಪೀಡಿನಲ್ಲಿ ಸ್ವಲ್ಪ ಹೊತ್ತು ಓಡಿಸಿದರೆ ಬ್ರೇಕರ್ ಬೀಳುತ್ತದೆ. ಆಗ ಪ್ಲಗ್ ಮುಟ್ಟಿದರೆ ಕೈ ಎಳೆದುಕೊಳ್ಳುವಷ್ಟು ಬಿಸಿ. ಎಳೆತವೂ 55 ಪೌಂಡಿನ ಮೋಟರಿನ ಹಾಗೆ ಅನ್ನಿಸುವುದಿಲ್ಲ. ಬ್ಯಾಟರಿ ಬದಲಿಸಬೇಕಾ? ಬ್ರೇಕರ್ ದೊಡ್ಡದು ಹಾಕಬೇಕಾ? ಮೋಟರೇ ಹೋಗಿದೆಯಾ?

ಲಿಥಿಯಂಲೋಕ
ಲೆಡ್ ಆಸಿಡ್ ತೆಗೆದು ಎಸೆಯಿರಿ. 100 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಹಾಕಿ. ತೂಕ ಅರ್ಧಕ್ಕಿಂತ ಕಡಿಮೆ, ವೋಲ್ಟೇಜ್ ಕೊನೆಯವರೆಗೂ 13ರ ಆಸುಪಾಸಿನಲ್ಲಿ ನಿಲ್ಲುತ್ತದೆ. ನಿಮ್ಮ ಎಳೆತದ ಸಮಸ್ಯೆ ಅಲ್ಲಿಗೆ ಮುಗಿಯಿತು.

ಮೀನಿಲ್ಲ
80 ಆಂಪ್ ಬ್ರೇಕರ್ ಹಾಕಿ, ಬೀಳೋದೇ ಇಲ್ಲ 😀

ತಂತಿಮನುಷ್ಯ
ಮೀನಿಲ್ಲ ಅವರೇ, ತಮಾಷೆಗೆ ಹೇಳಿದ್ದೀರಿ ಅಂದುಕೊಳ್ಳುತ್ತೇನೆ. ಬ್ರೇಕರ್ ಬೀಳೋದು ನಿಂತರೆ ವೈರ್ ಹೊತ್ತಿಕೊಳ್ಳೋದು ಶುರುವಾಗುತ್ತದೆ. ಬ್ರೇಕರ್ ಇರುವುದು ಮೋಟರ್ ಕಾಯಲು ಅಲ್ಲ, ವೈರ್ ಕಾಯಲು. ವೈರ್ ಎಷ್ಟು ತಡೆಯುತ್ತದೋ ಅದರ ಒಳಗೇ ಬ್ರೇಕರ್ ಇರಬೇಕು. ಹಾಯಿಲ್ಲದವ ಅವರೇ, ದಯವಿಟ್ಟು ಅದನ್ನು ಮಾಡಬೇಡಿ.

ಈಗ ನಿಮ್ಮ ಪ್ರಶ್ನೆ. 55 ಪೌಂಡಿನ 12 ವೋಲ್ಟ್ ಮೋಟರ್ ಪೂರ್ತಿ ವೇಗದಲ್ಲಿ 50 ಆಂಪ್ ಹತ್ತಿರ ಎಳೆಯುತ್ತದೆ. ಅದಕ್ಕೆ ಸಾಮಾನ್ಯವಾಗಿ 60 ಆಂಪ್ ಬ್ರೇಕರ್ ಹೇಳುತ್ತಾರೆ. ನಿಮ್ಮದು 50, ಅಂದರೆ ಅಂಚಿನಲ್ಲೇ ಇದೆ. ಆದರೆ ಪ್ಲಗ್ ಅಷ್ಟು ಬಿಸಿಯಾಗುತ್ತಿದೆ ಅಂದರೆ ಅಸಲಿ ರೋಗ ಅಲ್ಲೇ ಇದೆ. ಬಹಳಷ್ಟು ದೋಣಿ ಬ್ರೇಕರ್‌ಗಳು ಶಾಖದಿಂದ ಕೆಲಸ ಮಾಡುವಂಥವು. ಒಳಗೆ ಎರಡು ಲೋಹದ ಪಟ್ಟಿ, ಬಿಸಿಯಾದರೆ ಬಾಗಿ ಸಂಪರ್ಕ ಕಡಿಯುತ್ತದೆ. ಆ ಬಿಸಿ ಕರೆಂಟಿನಿಂದ ಬಂತೋ, ಪಕ್ಕದ ಸಡಿಲ ನಟ್ಟಿನಿಂದ ಬಂತೋ ಅದಕ್ಕೇನು ಗೊತ್ತು? 45 ಆಂಪ್‌ನಲ್ಲೇ ಬೀಳಬಹುದು.

ಏನನ್ನೂ ಕೊಳ್ಳುವ ಮೊದಲು ಒಂದು ಮೀಟರ್ ತೆಗೆದುಕೊಂಡು ಅಳೆಯಿರಿ. ಹೇಗೆ ಅಂತ ಬೇಕಿದ್ದರೆ ಬರೆಯುತ್ತೇನೆ.

ಹಾಯಿಲ್ಲದವ
ಬೇಕು ಸರ್, ಬರೆಯಿರಿ. ಮಲ್ಟಿಮೀಟರ್ ಇದೆ. ಬ್ಯಾಟರಿ ಮೇಲೆ ಇಟ್ಟು ನೋಡಿದ್ದೆ, 12.7 ತೋರಿಸಿತು.

ಹಳೇಹುಟ್ಟು
12.7 ಅಂದರೆ ಬ್ಯಾಟರಿ ಫುಲ್ ಇದೆ ಅಂತ ಅಷ್ಟೇ ಅರ್ಥ. ಮೋಟರ್ ತಿರುಗದೇ ಇರುವಾಗ ಎಲ್ಲರ ವೈರಿಂಗೂ ಚೆನ್ನಾಗಿಯೇ ಇರುತ್ತದೆ.

ತಂತಿಮನುಷ್ಯ
ಸರಿಯಾಗಿ ಹೇಳಿದಿರಿ. ಕರೆಂಟ್ ಹರಿಯದಿದ್ದರೆ ವೋಲ್ಟೇಜ್ ಇಳಿಯುವುದೇ ಇಲ್ಲ. ಹಾಗಾಗಿ ಲೋಡ್ ಇದ್ದಾಗ ಅಳೆಯಬೇಕು.

ದೋಣಿಯನ್ನು ದಡಕ್ಕೆ ಎರಡು ಹಗ್ಗದಲ್ಲಿ ಬಿಗಿಯಾಗಿ ಕಟ್ಟಿ. ಪ್ರೊಪೆಲ್ಲರ್ ನೀರಿನ ಒಳಗೇ ಇರಲಿ. ಗಾಳಿಯಲ್ಲಿ ತಿರುಗಿಸಿದರೆ ಕೆಲವೇ ಆಂಪ್ ಎಳೆಯುತ್ತದೆ, ಏನೂ ಗೊತ್ತಾಗುವುದಿಲ್ಲ. ಫುಲ್ ಸ್ಪೀಡ್ ಹಾಕಿ. ಮೀಟರನ್ನು ಡಿಸಿ ವೋಲ್ಟ್‌ಗೆ ಇಡಿ. ಮೊದಲು ಬ್ಯಾಟರಿಯ ಎರಡು ಕಂಬಗಳ ಮೇಲೆ ಅಳೆಯಿರಿ. ಲಗ್ (ವೈರಿನ ತುದಿಗೆ ಒತ್ತಿದ ಲೋಹದ ಕೊಂಡಿ) ಮೇಲೆ ಅಲ್ಲ, ಸೀಸದ ಕಂಬದ ಮೇಲೇ. ಆಮೇಲೆ ಮೋಟರಿನ ವೈರ್ ಸೇರುವ ಜಾಗದಲ್ಲಿ ಅಳೆಯಿರಿ. ಎರಡರ ವ್ಯತ್ಯಾಸ ದಾರಿಯಲ್ಲಿ ಕಳೆದುಹೋದ ವೋಲ್ಟೇಜು.

ಇನ್ನು ಅದು ಎಲ್ಲಿ ಕಳೆದುಹೋಯಿತು ಅಂತ ಹುಡುಕಬೇಕು. ಕೆಂಪು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ ಕಂಬದ ಮೇಲೆ, ಕಪ್ಪು ಕಡ್ಡಿಯನ್ನು ಅದೇ ಪ್ಲಸ್ ವೈರಿನ ಇನ್ನೊಂದು ತುದಿಯಲ್ಲಿ ಇಡಿ. ಪ್ಲಸ್‌ನಿಂದ ಪ್ಲಸ್‌ಗೇ ಅಳೆಯೋದು, ಗಾಬರಿ ಬೇಡ, ಏನೂ ಆಗಲ್ಲ. ಆಮೇಲೆ ಬ್ರೇಕರಿನ ಈಚೆ ಆಚೆ, ಪ್ಲಗ್ಗಿನ ಈಚೆ ಆಚೆ, ಕೊನೆಗೆ ಮೈನಸ್ ವೈರ್. ಒಂದೊಂದರ ಅಂಕಿಯನ್ನೂ ಬರೆದುಕೊಂಡು ಇಲ್ಲಿ ಹಾಕಿ. ಕ್ಲ್ಯಾಂಪ್ ಮೀಟರ್ (ವೈರನ್ನು ಸುತ್ತ ಹಿಡಿದು ಆಂಪ್ ಅಳೆಯುವುದು) ಸಿಕ್ಕರೆ ಆಂಪ್ ಕೂಡ ನೋಡಿ. ಡಿಸಿ ಓದುವ ಕ್ಲ್ಯಾಂಪ್ ಇರಬೇಕು, ಎಸಿ ಮಾತ್ರ ಓದುವುದು ಇಲ್ಲಿ ಪ್ರಯೋಜನ ಇಲ್ಲ.

ನದಿಮೂಲ
ಇದು ನನಗೂ ಆಗುತ್ತಿತ್ತು. ವೋಲ್ಟೇಜ್ ಕಡಿಮೆಯಾದರೆ ಮೋಟರ್ ಅದೇ ವ್ಯಾಟ್ ತೆಗೆಯೋಕೆ ಜಾಸ್ತಿ ಆಂಪ್ ಎಳೆಯುತ್ತದೆ. ಅದಕ್ಕೇ ಬ್ರೇಕರ್ ಬೀಳೋದು. ಸಿಂಪಲ್ ಲೆಕ್ಕ.

ತಂತಿಮನುಷ್ಯ
ಈ ಮಾತನ್ನು ಎಲ್ಲ ಕಡೆ ಓದುತ್ತೇವೆ. ಮಾಮೂಲಿ ಬ್ರಷ್ ಇರುವ ಮ್ಯಾಗ್ನೆಟ್ ಮೋಟರಿಗೆ ಇದು ತಪ್ಪು. ವೋಲ್ಟೇಜ್ ಇಳಿದರೆ ಅದು ನಿಧಾನ ತಿರುಗುತ್ತದೆ. ನಿಧಾನ ತಿರುಗಿದರೆ ನೀರಿನ ತಡೆ ಬೇಗ ಇಳಿಯುತ್ತದೆ. ತಡೆ ಇಳಿದರೆ ಆಂಪ್ ಕೂಡ ಇಳಿಯುತ್ತದೆ. ಇದಕ್ಕೆ ಇಷ್ಟೇ ವ್ಯಾಟ್ ಬೇಕು ಅಂತ ಹಟ ಇಲ್ಲ. ಕೊಟ್ಟಷ್ಟು ತಿನ್ನುತ್ತದೆ.

ನದಿಮೂಲ
ಹಾಗಾದರೆ ನನ್ನ ಇನ್ವರ್ಟರ್ ಬ್ಯಾಟರಿ ಇಳಿದಂತೆ ಯಾಕೆ ಜಾಸ್ತಿ ಆಂಪ್ ತೆಗೆದುಕೊಳ್ಳುತ್ತದೆ? ಅದನ್ನು ನಾನೇ ನೋಡಿದ್ದೇನೆ.

ತಂತಿಮನುಷ್ಯ
ಇನ್ವರ್ಟರ್ ಬೇರೆ ಜಾತಿ. ಹೊರಗೆ ಒಂದೇ ಪವರ್ ಕೊಡಬೇಕು, ಹಾಗಾಗಿ ಒಳಗೆ ಜಾಸ್ತಿ ಎಳೆಯುತ್ತದೆ. ವೇಗವನ್ನು ಒಂದೇ ಸಮ ಹಿಡಿದುಕೊಳ್ಳುವ ಬ್ರಷ್‌ಲೆಸ್ ಮೋಟರ್‌ಗಳಲ್ಲೂ, ಜಿಪಿಎಸ್ ಹಾಕಿಕೊಂಡು ನಿಂತಲ್ಲೇ ನಿಲ್ಲುವ ಮಾಡೆಲ್‌ಗಳಲ್ಲೂ ನಿಮ್ಮ ಮಾತು ನಿಜವಾಗಬಹುದು. ಇಲ್ಲಿರುವುದು ಮಾಮೂಲಿ 55 ಪೌಂಡಿನದು.

ನದಿಮೂಲ
ಸರಿ, ಬ್ರಷ್ ಮೋಟರಿಗೆ ಒಪ್ಪಿದೆ. ಆದರೂ ಪ್ರೊಪೆಲ್ಲರಿಗೆ ಜೊಂಡು ಸುತ್ತಿಕೊಂಡಿದ್ದರೆ ಆಂಪ್ ಏರುತ್ತದೆ ತಾನೇ?

ತಂತಿಮನುಷ್ಯ
ಅದು ನೂರಕ್ಕೆ ನೂರು ನಿಜ. ಜೊಂಡು, ಪ್ಲಾಸ್ಟಿಕ್ ಚೀಲ, ಬಲೆಯ ತುಂಡು, ಯಾವುದು ಸಿಕ್ಕಿಕೊಂಡರೂ ಏರುತ್ತದೆ.

ಗಾಳಪುರಾಣ
ಪ್ರೊಪೆಲ್ಲರ್ ಅಂದಾಗ ಒಂದು ಮಾತು. ಅದನ್ನು ಬಿಚ್ಚಿ ಹಿಂದೆ ಶಾಫ್ಟ್ ನೋಡಿ. ಗಾಳದ ನೈಲಾನ್ ದಾರ ಅಲ್ಲಿ ಸುತ್ತಿಕೊಂಡಿದ್ದರೆ ಹೊರಗಿನಿಂದ ಕಾಣುವುದೇ ಇಲ್ಲ. ಮೆಲ್ಲಗೆ ಸೀಲನ್ನು ಕೊರೆಯುತ್ತದೆ. ಸೀಲ್ ಹೋದರೆ ಮೋಟರಿನ ಒಳಗೆ ನೀರು. ಆಮೇಲೆ ವೈರಿಂಗ್ ಚರ್ಚೆಯೇ ಬೇಕಾಗಿಲ್ಲ. ಪಿನ್ ಮತ್ತು ನಟ್ಟು ಬಿಚ್ಚುವಾಗ ಕೆಳಗೆ ಒಂದು ಬಟ್ಟೆ ಹಾಸಿಕೊಳ್ಳಿ, ಆ ಪಿನ್ ನೀರಿಗೆ ಬಿದ್ದರೆ ದೇವರೇ ಗತಿ.

ಹಳೇಹುಟ್ಟು
ಬ್ಯಾಟರಿ ಪ್ಲಗ್ ಕಿತ್ತಿಟ್ಟು ಆಮೇಲೆ ಪ್ರೊಪೆಲ್ಲರ್‌ಗೆ ಕೈ ಹಾಕಿ. ಇದನ್ನು ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ.

ಲಿಥಿಯಂಲೋಕ
ಯಾರೂ ನನ್ನ ಮಾತಿಗೆ ಉತ್ತರ ಕೊಡಲಿಲ್ಲ. ಲಿಥಿಯಂ ಹಾಕಿದರೆ ವೋಲ್ಟೇಜ್ ಡ್ರಾಪ್ ತಾನಾಗಿಯೇ ಸರಿಹೋಗುತ್ತದೆ. 13 ವೋಲ್ಟಿನಿಂದ ಶುರು ಮಾಡಿದರೆ ಒಂದು ವೋಲ್ಟ್ ಹೋದರೂ 12 ಉಳಿಯುತ್ತದೆ. ಲೆಡ್ ಆಸಿಡ್ ಅರ್ಧ ಖಾಲಿಯಾಗುವಷ್ಟರಲ್ಲಿ ಲೋಡ್‌ನಲ್ಲಿ 11.5ಕ್ಕೆ ಬಂದಿರುತ್ತದೆ.

ಕಿಲುಬುವೈರಿ
ಉತ್ತರ ಕೊಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ತಂತಿಮನುಷ್ಯ ಅವರು ಈಗಷ್ಟೇ ಹೇಳಿದ್ದನ್ನೇ ತಿರುಗಿಸಿ ನೋಡಿ. ವೋಲ್ಟೇಜ್ ಇಳಿದರೆ ಆಂಪ್ ಇಳಿಯುತ್ತದೆ. ಅಂದಮೇಲೆ ವೋಲ್ಟೇಜ್ ಏರಿದರೆ ಆಂಪ್ ಏರುತ್ತದೆ ಅಲ್ವಾ? ಅದೇ ಕೆಟ್ಟ ಪ್ಲಗ್ಗಿನಲ್ಲಿ ಇನ್ನೂ ಜಾಸ್ತಿ ಕರೆಂಟ್ ಹರಿಯುತ್ತದೆ. ಪ್ಲಗ್ಗಿನ ಬಿಸಿ ಆಂಪಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಆಂಪ್ ನೂರಕ್ಕೆ ಹತ್ತು ಏರಿದರೆ ಬಿಸಿ ಇಪ್ಪತ್ತೊಂದು ಏರುತ್ತದೆ. ಇವರ ಪ್ಲಗ್ ಈಗ ಬಿಸಿಯಾಗುತ್ತಿದೆ, ನಿಮ್ಮ ಬ್ಯಾಟರಿ ಹಾಕಿದರೆ ಕರಗುತ್ತದೆ.

ಲಿಥಿಯಂ ವಿರುದ್ಧ ನಾನಿಲ್ಲ. ನನ್ನ ದೋಣಿಯಲ್ಲೂ ಅದೇ ಇರೋದು. ಆದರೆ ವೈರಿಂಗ್ ಸರಿಮಾಡಿದ ಮೇಲೆ ಅದು. ಇನ್ನೊಂದು ವಿಷಯ: ಕೆಲವು ಮೋಟರ್‌ಗಳ ಕೈಪಿಡಿಯಲ್ಲಿ ಲಿಥಿಯಂ ಹಾಕಿಕೊಂಡು 85 ಪರ್ಸೆಂಟ್‌ಗಿಂತ ಜಾಸ್ತಿ ವೇಗದಲ್ಲಿ ತುಂಬಾ ಹೊತ್ತು ಓಡಿಸಬೇಡಿ ಅಂತಲೇ ಬರೆದಿರುತ್ತಾರೆ. ಕಾರಣ ಇದೇ.

ಲಿಥಿಯಂಲೋಕ
ನಾನು ಎಷ್ಟೋ ಸಲ ಫುಲ್‌ನಲ್ಲೇ ಓಡಿಸಿದ್ದೇನೆ, ಏನೂ ಆಗಿಲ್ಲ.

ಕಿಲುಬುವೈರಿ
ಒಳ್ಳೆಯದು. ನಿಮ್ಮ ವೈರ್ ಎಷ್ಟು ದಪ್ಪ?

ಲಿಥಿಯಂಲೋಕ
4 ಗೇಜ್.

ಕಿಲುಬುವೈರಿ
ಅಂದರೆ 21 ಸ್ಕ್ವೇರ್ ಎಂಎಂ. ಇವರದ್ದು 6. ನಿಮ್ಮ ಸುಖದ ಗುಟ್ಟು ಬ್ಯಾಟರಿ ಅಲ್ಲ, ವೈರು 😄

ಮೀನಿಲ್ಲ
ಇದಕ್ಕೆಲ್ಲ ಪೆಟ್ರೋಲ್ ಎಂಜಿನ್ನೇ ವಾಸಿ. ಹಗ್ಗ ಎಳೆದರೆ ಮುಗೀತು.

ಗಾಳಪುರಾಣ
ಹೌದು, ಮೀನುಗಳೂ ಮುಗೀತು, ಎಲ್ಲ ಓಡಿಹೋಗುತ್ತವೆ. ಕುಡಿಯುವ ನೀರಿನ ಎಷ್ಟೋ ಜಲಾಶಯಗಳಲ್ಲಿ ಪೆಟ್ರೋಲ್ ಎಂಜಿನ್ ಬಿಡುವುದೂ ಇಲ್ಲ. ನಿಮ್ಮ ಹೆಸರು ಮೀನಿಲ್ಲ ಅಂತ ಯಾಕಿದೆ ಅಂತ ಈಗ ಗೊತ್ತಾಯಿತು.

ಚರಿತ್ರೆಹುಳು
ಪೆಟ್ರೋಲ್ ಎಂಜಿನ್ ಆಮೇಲೆ ಬಂದಿದ್ದು ಸ್ವಾಮಿ. ವಿಷಯ ಸ್ವಲ್ಪ ಆಚೆ ಹೋಗುತ್ತಿದೆ, ಕ್ಷಮೆ ಇರಲಿ. 1838ರಲ್ಲೇ ಮೊರಿಟ್ಸ್ ಯಾಕೋಬಿ ಅನ್ನುವವರು ಸೇಂಟ್ ಪೀಟರ್ಸ್‌ಬರ್ಗಿನ ನೆವಾ ನದಿಯಲ್ಲಿ ಬ್ಯಾಟರಿಯಿಂದ ದೋಣಿ ಓಡಿಸಿದ್ದರು. 1881ರಲ್ಲಿ ಗುಸ್ತಾವ್ ಟ್ರೂವೆ ಪ್ಯಾರಿಸ್ಸಿನ ಸೇನ್ ನದಿಯಲ್ಲಿ ಚುಕ್ಕಾಣಿಯ ಮೇಲೆ ಮೋಟರ್ ಕೂರಿಸಿ, ಸರಪಳಿಯಿಂದ ಪ್ರೊಪೆಲ್ಲರ್ ತಿರುಗಿಸಿದರು. ಕಳಚಿ ಮನೆಗೆ ಒಯ್ಯಬಹುದಾದ ಮೋಟರ್. ಔಟ್‌ಬೋರ್ಡ್ ಅನ್ನುವ ಯೋಚನೆ ಹುಟ್ಟಿದ್ದೇ ಕರೆಂಟಿನಿಂದ. ಇವತ್ತಿನ ಟ್ರೋಲಿಂಗ್ ಮೋಟರ್ 1934ರಲ್ಲಿ ಅಮೆರಿಕದ ಫಾರ್ಗೋದಲ್ಲಿ ಓ. ಜಿ. ಶ್ಮಿಟ್ ಮಾಡಿದ್ದು. ಫೋರ್ಡ್ ಮಾಡೆಲ್ ಎ ಕಾರಿನ ಸ್ಟಾರ್ಟರ್ ಮೋಟರಿಗೆ ಪ್ರೊಪೆಲ್ಲರ್ ಸೇರಿಸಿದರು.

ಮೀನಿಲ್ಲ
ಟ್ರೂವೆ ಅವರ ಬ್ರೇಕರ್ ಎಷ್ಟು ಆಂಪಿನದು?

ಎರಡುಬ್ಯಾಟರಿ
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಾನು 24 ವೋಲ್ಟಿನ 80 ಪೌಂಡ್ ಮೋಟರ್ ಹಾಕಿಸಬೇಕು ಅಂತಿದ್ದೇನೆ. ಎರಡು 12 ವೋಲ್ಟ್ ಬ್ಯಾಟರಿ ಸೀರೀಸ್ (ಒಂದರ ಪ್ಲಸ್ ಇನ್ನೊಂದರ ಮೈನಸ್‌ಗೆ). ಒಂದು ಹಳೆಯದು ಇದೆ, ಇನ್ನೊಂದು ಹೊಸದು ತರುತ್ತೇನೆ. ಫಿಶ್ ಫೈಂಡರಿಗೆ (ಸೋನಾರಿನಿಂದ, ಅಂದರೆ ಶಬ್ದದ ಅಲೆಯಿಂದ, ಮೀನು ತೋರಿಸುವ ಯಂತ್ರಕ್ಕೆ) 12 ವೋಲ್ಟ್ ಬೇಕಲ್ಲ, ಅದನ್ನು ಎರಡರಲ್ಲಿ ಒಂದರಿಂದ ತೆಗೆಯಬಹುದಾ?

ಹಳೇಹುಟ್ಟು
ಎರಡಕ್ಕೂ ಬೇಡ ಅನ್ನುತ್ತೇನೆ.

ಸೀರೀಸಿನಲ್ಲಿ ಎರಡೂ ಬ್ಯಾಟರಿ ಒಂದೇ ವಯಸ್ಸು, ಒಂದೇ ಜಾತಿ, ಒಂದೇ ಎಎಚ್ ಇರಬೇಕು. ಇಲ್ಲದಿದ್ದರೆ ಹಳೆಯದು ಬೇಗ ಖಾಲಿಯಾಗುತ್ತದೆ, ಹೊಸದು ಅದನ್ನೂ ಎಳೆದುಕೊಂಡು ಹೋಗುತ್ತದೆ, ಕೊನೆಗೆ ಎರಡೂ ಹಾಳು. ಒಂದರಿಂದ ಮಾತ್ರ ಫಿಶ್ ಫೈಂಡರ್ ತೆಗೆದರೂ ಅದೇ ಕಥೆ, ಆ ಬ್ಯಾಟರಿ ದಿನಾ ಸ್ವಲ್ಪ ಹಿಂದೆ ಬೀಳುತ್ತದೆ. ಜೊತೆಗೆ ಮೋಟರಿನ ಸದ್ದು ಪರದೆ ಮೇಲೆ ಬರುತ್ತದೆ. ಪಿಡಬ್ಲ್ಯೂಎಂ ಕಂಟ್ರೋಲರ್ (ವೇಗ ಹೊಂದಿಸುವ ಸಾಧನ) ಇರುವ ಮೋಟರ್ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಕಡಿದು ಕೊಡುತ್ತದೆ. ಆ ಗಲಾಟೆ ವೈರಿನಲ್ಲಿ ಸೋನಾರಿಗೆ ಹೋಗಿ ಪರದೆ ತುಂಬ ಗೆರೆ. ಫಿಶ್ ಫೈಂಡರಿಗೆ 7 ಎಎಚ್‌ನ ಸಣ್ಣ ಬ್ಯಾಟರಿ ಬೇರೆ ಇಡಿ. ಟ್ರಾನ್ಸ್‌ಡ್ಯೂಸರ್ (ನೀರಿನಲ್ಲಿರುವ ಸೋನಾರ್ ಸೆನ್ಸರ್) ವೈರನ್ನು ಮೋಟರ್ ವೈರಿನ ಜೊತೆ ಒಂದೇ ಕಟ್ಟಿನಲ್ಲಿ ಕಟ್ಟಬೇಡಿ.

ನದಿಮೂಲ
ಲಿಥಿಯಂ ಎರಡು ಸೀರೀಸ್ ಮಾಡುವುದಾದರೆ ಮೊದಲು ಬ್ಯಾಟರಿಯ ಕಾಗದ ಓದಿ. ಒಳಗಿನ ಬಿಎಂಎಸ್ (ಬ್ಯಾಟರಿ ಕಾಯುವ ಸರ್ಕ್ಯೂಟ್) ಸೀರೀಸಿಗೆ ಒಪ್ಪುತ್ತದಾ ಅಂತ ಬರೆದಿರುತ್ತದೆ. ಎಲ್ಲವೂ ಒಪ್ಪುವುದಿಲ್ಲ. ಸೇರಿಸುವ ಮೊದಲು ಎರಡನ್ನೂ ಬೇರೆ ಬೇರೆಯಾಗಿ ಫುಲ್ ಚಾರ್ಜ್ ಮಾಡಿಕೊಳ್ಳಿ.

ಎರಡುಬ್ಯಾಟರಿ
24 ವೋಲ್ಟ್ ಆದರೆ ಆಂಪ್ ಅರ್ಧ ಆಗುತ್ತದೆ, ಸಣ್ಣ ವೈರ್ ಸಾಕು ಅಂದರಲ್ಲ ಅಂಗಡಿಯವರು?

ತಂತಿಮನುಷ್ಯ
ಅದೇ 55 ಪೌಂಡ್ ಎಳೆತಕ್ಕೆ ಹೋಲಿಸಿದರೆ ಹೌದು. ನೀವು 80 ಪೌಂಡಿಗೆ ಹೋಗುತ್ತಿದ್ದೀರಿ. 24 ವೋಲ್ಟಿನ 80 ಪೌಂಡ್ ಮೋಟರ್ ಕೂಡ ಪೂರ್ತಿ ವೇಗದಲ್ಲಿ 56 ಆಂಪ್ ಎಳೆಯುತ್ತದೆ. ವೈರ್ ಅಷ್ಟೇ ದಪ್ಪ ಬೇಕು. ಲಾಭ ಏನಂದರೆ ಅರ್ಧ ವೋಲ್ಟ್ ಕಳೆದುಹೋದರೂ 24ರಲ್ಲಿ ಅರ್ಧ, 12ರಲ್ಲಿ ಅರ್ಧ ಅಲ್ಲ.

ಹಾಯಿಲ್ಲದವ
ಅಳೆದೆ! ಪಕ್ಕದವರ ಹತ್ತಿರ ಡಿಸಿ ಕ್ಲ್ಯಾಂಪ್ ಮೀಟರ್ ಸಿಕ್ಕಿತು. ಫುಲ್ ಸ್ಪೀಡ್, ದೋಣಿ ಕಟ್ಟಿಹಾಕಿ:

ಆಂಪ್: 44
ಬ್ಯಾಟರಿ ಕಂಬದಲ್ಲಿ: 12.0
ಮೋಟರ್ ಹತ್ತಿರ: 10.3
ಪ್ಲಸ್ ವೈರ್: 0.61
ಮೈನಸ್ ವೈರ್: 0.62
ಬ್ರೇಕರ್ ಈಚೆ ಆಚೆ: 0.16
ಪ್ಲಗ್ ಪ್ಲಸ್ ಪಿನ್: 0.31
ಪ್ಲಗ್ ಮೈನಸ್ ಪಿನ್: ಹೆಚ್ಚುಕಡಿಮೆ ಸೊನ್ನೆ

ತಂತಿಮನುಷ್ಯ
ಆಹಾ, ಇದು ಬೇಕಿತ್ತು. ಒಂದು ಪಾಯಿಂಟ್ ಏಳು ವೋಲ್ಟ್ ದಾರಿಯಲ್ಲೇ ಹೋಗಿದೆ. ನೂರಕ್ಕೆ ಹದಿನಾಲ್ಕು! 44 ಆಂಪಿಗೆ ಲೆಕ್ಕ ಹಾಕಿದರೆ 75 ವ್ಯಾಟ್ ಸುಮ್ನೆ ಬಿಸಿಯಾಗಿ ಹೋಗುತ್ತಿದೆ.

ಪ್ಲಸ್ ಪಿನ್ ಒಂದನ್ನೇ ನೋಡಿ. 0.31 ಇಂಟು 44, ಹದಿಮೂರುವರೆ ವ್ಯಾಟ್. ಸಣ್ಣ ಸೋಲ್ಡರಿಂಗ್ ಐರನ್ 25 ವ್ಯಾಟಿನದು ಬರುತ್ತದೆ, ಅದರ ಅರ್ಧ ಶಾಖ ಉಗುರಿನಷ್ಟು ಜಾಗದಲ್ಲಿ. ಅದರ ಪಕ್ಕದಲ್ಲೇ ಬ್ರೇಕರ್. ಬೀಳದೆ ಇನ್ನೇನು ಮಾಡುತ್ತದೆ?

ವೈರ್ ಕೆಟ್ಟಿಲ್ಲ, ಸಣ್ಣದಾಗಿದೆ ಅಷ್ಟೇ. 6 ಸ್ಕ್ವೇರ್ ಎಂಎಂ ತಾಮ್ರ ಮೀಟರಿಗೆ ಸುಮಾರು 3.1 ಮಿಲಿಓಮ್. ನಾಲ್ಕೂವರೆ ಮೀಟರಿಗೆ 14. ಅದಕ್ಕೆ 44 ಆಂಪ್ ಹರಿದರೆ 0.61. ನಿಮ್ಮ ಮೀಟರ್ ಅದನ್ನೇ ತೋರಿಸಿದೆ. ತುಂಬಾ ಜನ ಇಲ್ಲೇ ಎಡವುತ್ತಾರೆ: ಹೋಗುವ ವೈರಿನ ಉದ್ದ ಮಾತ್ರ ಲೆಕ್ಕ ಹಾಕುತ್ತಾರೆ. ಕರೆಂಟ್ ವಾಪಸ್ಸೂ ಬರಬೇಕಲ್ಲ, ಒಂಬತ್ತು ಮೀಟರ್ ಅಂತ ಲೆಕ್ಕ ಹಾಕಿ.

16 ಸ್ಕ್ವೇರ್ ಎಂಎಂ ಹಾಕಿ. ಡ್ರಾಪ್ ಸುಮಾರು ಮೂರನೇ ಒಂದಕ್ಕೆ ಬರುತ್ತದೆ.

ಕಿಲುಬುವೈರಿ
ಪ್ಲಗ್ ಬಿಚ್ಚಿ ಪ್ಲಸ್ ಪಿನ್ನಿನ ಒಳಗೆ ನೋಡಿ. ವೈರಿನ ಸಿಪ್ಪೆಯನ್ನು ಒಂದು ಇಂಚು ಸುಲಿದು ತಾಮ್ರದ ಬಣ್ಣವನ್ನೂ ನೋಡಿ. ಏನು ಕಾಣಿಸುತ್ತದೆ ಹೇಳಿ, ನನಗೊಂದು ಅನುಮಾನ ಇದೆ.

ಹಾಯಿಲ್ಲದವ
ಬಿಚ್ಚಿದೆ. ಪಿನ್ ಮೇಲಿನ ಬೆಳ್ಳಿ ಬಣ್ಣ ಹೋಗಿ ನೀಲಿ ಕಪ್ಪು ಆಗಿದೆ. ವೈರನ್ನು ಪಿನ್ನಿಗೆ ಕ್ರಿಂಪ್ ಮಾಡಿಲ್ಲ (ಒತ್ತಿ ಹಿಡಿಸಿಲ್ಲ), ಬರೀ ಬೆಸುಗೆ. ಬೆಸುಗೆ ಬೂದು ಬಣ್ಣಕ್ಕೆ ತಿರುಗಿ ಬಿರುಕು ಬಿಟ್ಟಿದೆ. ಅಲ್ಲಾಡಿಸಿದರೆ ವೈರ್ ಪಿನ್ನಿನ ಒಳಗೆ ತಿರುಗುತ್ತದೆ. ಸುತ್ತ ಹಸಿರು ಪುಡಿ. ಸಿಪ್ಪೆ ಸುಲಿದರೆ ಒಳಗೆ ಒಂದಿಂಚಲ್ಲ, ನಾಲ್ಕು ಬೆರಳು ಹೋದರೂ ತಾಮ್ರ ಕಪ್ಪಾಗಿಯೇ ಇದೆ. ಕೆಲವು ಎಳೆ ಮುಟ್ಟಿದರೆ ಮುರಿಯುತ್ತವೆ.

ಕಿಲುಬುವೈರಿ
ಅದೇ ಅನುಮಾನ. ಕಿಲುಬು. ಎಳೆಗಳ ಸಂದಿನಲ್ಲಿ ನೀರು ತಾನಾಗಿಯೇ ಒಳಗೆ ಏರುತ್ತದೆ, ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆಯೇ. ಕಪ್ಪಾದ ತಾಮ್ರಕ್ಕೆ ಎಷ್ಟು ಚೆನ್ನಾಗಿ ಲಗ್ ಒತ್ತಿದರೂ ಪ್ರಯೋಜನ ಇಲ್ಲ.

ಹೊಸ ವೈರ್ ತರುವಾಗ ತವರ ಲೇಪಿಸಿದ, ಸಣ್ಣ ಸಣ್ಣ ಎಳೆಗಳಿರುವ ಮರೈನ್ ವೈರ್ ಕೇಳಿ. ಒಂದು ಎಚ್ಚರ: ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಇರುವ ವೈರ್ ಕೂಡ ದಪ್ಪಗೆ, ಚೆಂದವಾಗಿ ಬರುತ್ತದೆ. ಒಂದು ಎಳೆ ತೆಗೆದು ಚಾಕುವಿನಿಂದ ಕೆರೆಯಿರಿ. ಹೊರಗೆ ಬೆಳ್ಳಿ, ಒಳಗೆ ಕೆಂಪು ಇದ್ದರೆ ಒಳ್ಳೆಯ ಮರೈನ್ ವೈರ್. ಹೊರಗೆ ಕೆಂಪು, ಒಳಗೆ ಬೆಳ್ಳಿ ಇದ್ದರೆ ವಾಪಸ್ ಕೊಟ್ಟು ಬನ್ನಿ.

ಬೆಸುಗೆ ಒಂದನ್ನೇ ನಂಬಬೇಡಿ. ಅಲುಗಾಟಕ್ಕೆ ಬೆಸುಗೆ ಮುಗಿಯುವ ಜಾಗದಲ್ಲೇ ವೈರ್ ಮುರಿಯುತ್ತದೆ. ಬಿಸಿಯಾದರೆ ಬೆಸುಗೆಯೇ ಮೆತ್ತಗಾಗುತ್ತದೆ. ಲಗ್ಗನ್ನು ಸರಿಯಾದ ಅಚ್ಚಿನ ಕ್ರಿಂಪರಿನಲ್ಲಿ ಒತ್ತಿ, ಮೇಲೆ ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ. ಬಿಸಿ ಮಾಡಿದಾಗ ತುದಿಯಲ್ಲಿ ಅಂಟು ಒಂದು ಸಣ್ಣ ಉಂಗುರದ ಹಾಗೆ ಹೊರಗೆ ಬರಬೇಕು. ಬಂದರೆ ನೀರು ಹೋಗಲ್ಲ ಅಂತ ಅರ್ಥ.

ಗಾಳಪುರಾಣ
ಸುತ್ತಿಗೆಯಲ್ಲಿ ಹೊಡೆದು ಕ್ರಿಂಪ್ ಮಾಡಿದರೆ ಆಗಲ್ವಾ? ನಮ್ಮ ಕಡೆ ಎಲ್ಲ ಹಾಗೇ.

ಕಿಲುಬುವೈರಿ
ಆಗುತ್ತದೆ. ಆಮೇಲೆ ನೀವೂ ಇಲ್ಲಿ ಹೊಸ ಚರ್ಚೆ ಶುರು ಮಾಡುತ್ತೀರಿ.

ನದಿಮೂಲ
ಪ್ಲಗ್ ತರುವಾಗ ಒಂದು ನೋಡಿಕೊಳ್ಳಿ. 50 ಆಂಪಿನ ಆಂಡರ್ಸನ್ ಪ್ಲಗ್ಗಿನ ಪಿನ್ನಿಗೆ 6 ಗೇಜ್ ವೈರಿನವರೆಗೆ ಹೋಗುತ್ತದೆ, ಅಂದರೆ 13 ಸ್ಕ್ವೇರ್ ಎಂಎಂ ಚಿಲ್ಲರೆ. 16 ಹೋಗುವುದಿಲ್ಲ. ಎಳೆ ಕತ್ತರಿಸಿ ತೂರಿಸುವವರನ್ನು ನೋಡಿದ್ದೇನೆ, ಅದು ಬೇಡ. 175 ಆಂಪಿನ ಪ್ಲಗ್ ತಗೊಳ್ಳಿ, 16ಕ್ಕೆ ಸರಿಹೊಂದುವ ಪಿನ್ನಿನ ಜೊತೆ.

ಹಳೇಹುಟ್ಟು
ಬ್ರೇಕರ್ ಮೋಟರಿನ ಹತ್ತಿರ ಇದೆ ಅಂದರಲ್ಲ, ಅದರ ಬಗ್ಗೆ ಯಾರೂ ಮಾತಾಡಲಿಲ್ಲ. ಬ್ಯಾಟರಿ ಹಿಂದೆ, ಬ್ರೇಕರ್ ಮುಂದೆ. ನಡುವೆ ನಾಲ್ಕೂವರೆ ಮೀಟರ್ ವೈರಿಗೆ ಕಾವಲೇ ಇಲ್ಲ. ಯಾವುದಾದರೂ ಸ್ಕ್ರೂ ಆ ವೈರಿನ ಸಿಪ್ಪೆ ಸೀಳಿ ಪ್ಲಸ್ಸೂ ಮೈನಸ್ಸೂ ಕೂಡಿದರೆ ಬ್ರೇಕರಿಗೆ ಗೊತ್ತೇ ಆಗುವುದಿಲ್ಲ. ಬ್ಯಾಟರಿ ನೂರಾರು ಆಂಪ್ ಸುರಿಯುತ್ತದೆ. ಬ್ರೇಕರನ್ನು ಬ್ಯಾಟರಿಯ ಪ್ಲಸ್ ಪಕ್ಕಕ್ಕೆ ತನ್ನಿ. ಅಮೆರಿಕದ ಎಬಿವೈಸಿ (ದೋಣಿಗಳ ಸುರಕ್ಷತೆಗೆ ನಿಯಮ ಬರೆಯುವ ಸಂಸ್ಥೆ) ಮಾನದಂಡದಲ್ಲಿ 7 ಇಂಚಿನೊಳಗೆ ಅಂತ ಇದೆ.

ಎರಡುಬ್ಯಾಟರಿ
7 ಇಂಚು? ನನ್ನ ಬ್ಯಾಟರಿ ಪೆಟ್ಟಿಗೆಯಲ್ಲಿ ಜಾಗವೇ ಇಲ್ಲ.

ಹಳೇಹುಟ್ಟು
ನೇರ ಬ್ಯಾಟರಿಗೇ ಸೇರಿದ ವೈರನ್ನು ಪೂರ್ತಿ ಕವಚದೊಳಗೆ ಹಾಕಿದರೆ 72 ಇಂಚಿನವರೆಗೆ ಅದೇ ನಿಯಮ ಬಿಡುತ್ತದೆ. ಆದರೂ ಹತ್ತಿರ ಇದ್ದಷ್ಟೂ ಒಳ್ಳೆಯದು.

ಮೀನಿಲ್ಲ
ಈ ಸಲ ತಮಾಷೆ ಅಲ್ಲ. ಮನೆಯ ಎಂಸಿಬಿ ಒಂದು 63 ಆಂಪಿನದು ಹಾಗೇ ಬಿದ್ದಿದೆ. ಅದನ್ನೇ ಹಾಕಿದರೆ?

ತಂತಿಮನುಷ್ಯ
ಬೇಡ. ಮನೆಯ ಎಸಿ ಕರೆಂಟ್ ಪ್ರತಿ ಸೈಕಲ್ಲಿನಲ್ಲಿ ಎರಡು ಸಲ ಸೊನ್ನೆಗೆ ಇಳಿಯುತ್ತದೆ. ಎಂಸಿಬಿ ಬಿಟ್ಟುಕೊಂಡಾಗ ಹುಟ್ಟುವ ಕಿಡಿ ಅಲ್ಲೇ ಆರುತ್ತದೆ. ಡಿಸಿ ಯಾವತ್ತೂ ಸೊನ್ನೆಗೆ ಬರುವುದಿಲ್ಲ, ಕಿಡಿ ಎಳೆದುಕೊಂಡೇ ಇರುತ್ತದೆ.

ನದಿಮೂಲ
12 ವೋಲ್ಟಿಗೆ ಅಷ್ಟೊಂದು ಕಿಡಿ ನಿಲ್ಲುತ್ತದಾ? ಸ್ವಲ್ಪ ಹೆದರಿಸುತ್ತಿದ್ದೀರಿ ಅನ್ನಿಸುತ್ತದೆ.

ತಂತಿಮನುಷ್ಯ
12ಕ್ಕೆ ಕಷ್ಟ, ಒಪ್ಪುತ್ತೇನೆ. 36, 48 ಕ್ಕೆ ಹೋದಂತೆ ಅದು ದೊಡ್ಡ ವಿಷಯ. ಆದರೆ ದೋಣಿಯಲ್ಲಿ ತೇವ ಇದೆ, ಅಲುಗಾಟ ಇದೆ, ಕೆಲವರ ದೋಣಿಯಲ್ಲಿ ಪಕ್ಕದಲ್ಲೇ ಪೆಟ್ರೋಲ್ ಟ್ಯಾಂಕ್ ಇದೆ. ಪೆಟ್ರೋಲ್ ಆವಿ ಇರುವ ಕಡೆ ಕಿಡಿ ಹೊರಗೆ ಬಾರದ ಬ್ರೇಕರೇ ಬೇಕು. ಎಂಸಿಬಿ ಆ ಕೆಲಸಕ್ಕೆ ಮಾಡಿದ್ದಲ್ಲ.

ಲಿಥಿಯಂ ಇರುವವರಿಗೆ ಇನ್ನೊಂದು ಮಾತು. ಶಾರ್ಟ್ ಆದರೆ ಅದು ಕೊಡುವ ಕರೆಂಟ್ ತುಂಬಾ ಜಾಸ್ತಿ. ಬ್ಯಾಟರಿ ಕಂಬದ ಮೇಲೇ ಕೂರಿಸುವ ಎಂಆರ್‌ಬಿಎಫ್ ಫ್ಯೂಸ್ ಅಥವಾ ಕ್ಲಾಸ್ ಟಿ ಫ್ಯೂಸ್ ನೋಡಿ.

ಲಿಥಿಯಂಲೋಕ
ಕ್ಲಾಸ್ ಟಿ ನನ್ನ ಹತ್ತಿರ ಇದೆ. ಅಷ್ಟಾದರೂ ಸರಿ ಮಾಡಿದ್ದೇನೆ ಅಂತ ಒಪ್ಪಿಕೊಳ್ಳಿ.

ಕಿಲುಬುವೈರಿ
ಒಪ್ಪಿದೆ. ಬ್ಯಾಟರಿ ಮೇಲೆ ಕೈಯಲ್ಲೇ ತಿರುಗಿಸುವ ರೆಕ್ಕೆಯ ನಟ್ಟು ಇದೆಯಾ?

ಲಿಥಿಯಂಲೋಕ
...ಇದೆ.

ಕಿಲುಬುವೈರಿ
ತೆಗೆದು ಆರು ಮೂಲೆಯ ನಟ್ಟು ಹಾಕಿ, ಸ್ಪ್ಯಾನರಿನಲ್ಲಿ ಬಿಗಿಯಿರಿ. ಕೈಬಲದಲ್ಲಿ ಬಿಗಿದದ್ದು ಅಲೆಯ ಅಲುಗಾಟಕ್ಕೆ ಸಡಿಲವಾಗುತ್ತದೆ.

ಎರಡುಬ್ಯಾಟರಿ
100 ಎಎಚ್ ಬ್ಯಾಟರಿ, 50 ಆಂಪ್ ಮೋಟರ್. ಎರಡು ಗಂಟೆ ಓಡಬೇಕಲ್ಲ? ಯಾರಿಗಾದರೂ ಓಡಿದೆಯಾ?

ಹಳೇಹುಟ್ಟು
ಲೆಡ್ ಆಸಿಡ್‌ನಲ್ಲಿ ಕನಸು. ಆ 100 ಅನ್ನುವ ಅಂಕಿ ಸಾಮಾನ್ಯವಾಗಿ 5 ಆಂಪಿನಂತೆ 20 ಗಂಟೆ ತೆಗೆದರೆ ಸಿಗುವುದು. 50 ಆಂಪಿನಲ್ಲಿ ಹೀರಿದರೆ ಅಷ್ಟು ಕೊಡುವುದಿಲ್ಲ. ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡುತ್ತಾ ಹೋದರೆ ಬ್ಯಾಟರಿ ಬೇಗ ಸಾಯುತ್ತದೆ. ಫುಲ್ ಸ್ಪೀಡಿನಲ್ಲಿ ಮುಕ್ಕಾಲು ಗಂಟೆ ಅಂತ ಇಟ್ಟುಕೊಳ್ಳಿ.

ಆದರೆ ಫುಲ್ ಸ್ಪೀಡಿನಲ್ಲಿ ಯಾರು ಹೋಗಬೇಕು? ವೇಗ ಅರ್ಧ ಮಾಡಿದರೆ ಬೇಕಾಗುವ ಶಕ್ತಿ ಸುಮಾರು ಎಂಟನೇ ಒಂದಕ್ಕೆ ಇಳಿಯುತ್ತದೆ. ಪಿಡಬ್ಲ್ಯೂಎಂ ಇರುವ ಮೋಟರ್ ಆದರೆ ಅದರ ಪೂರ್ತಿ ಲಾಭ ನಿಮಗೆ. ಐದು ಗೇರಿನ ಹಳೆಯ ಮೋಟರ್‌ಗಳು ಕಡಿಮೆ ವೇಗದಲ್ಲಿ ಉಳಿದ ಪವರನ್ನು ಸುರುಳಿಯಲ್ಲಿ ಬಿಸಿಯಾಗಿ ಕಳೆಯುತ್ತವೆ, ಅಲ್ಲಿ ಉಳಿತಾಯ ಅಷ್ಟಿಲ್ಲ.

ಲಿಥಿಯಂಲೋಕ
ಲಿಥಿಯಂನಲ್ಲಿ 50 ಆಂಪ್ ಎಳೆದರೂ ಹತ್ತಿರ ಹತ್ತಿರ ಎರಡು ಗಂಟೆ ಬರುತ್ತದೆ. ಇದಕ್ಕಾದರೂ ಯಾರೂ ತಕರಾರು ಮಾಡಬೇಡಿ.

ತಂತಿಮನುಷ್ಯ
ತಕರಾರಿಲ್ಲ. ಅದು ನಿಜ. ಹಳೆಯ ಲೆಡ್ ಆಸಿಡ್ ಚಾರ್ಜರಿನಲ್ಲಿ ಮಾತ್ರ ಚಾರ್ಜ್ ಮಾಡಬೇಡಿ. ಡೀಸಲ್ಫೇಟ್ (ಸೊರಗಿದ ಲೆಡ್ ಆಸಿಡ್ ಬ್ಯಾಟರಿ ಚೇತರಿಸಲು) ಅಂತ ಒಂದು ಮೋಡ್ ಇದ್ದರೆ ಅದು ವೋಲ್ಟೇಜನ್ನು 15ರ ಮೇಲೆ ಏರಿಸಬಹುದು, ಲಿಥಿಯಂಗೆ ಅದು ಆಗದು. ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಚಾರ್ಜ್ ಮಾಡುವುದೂ ಬೇಡ.

ಹಾಯಿಲ್ಲದವ
ಕೆಲಸ ಮುಗಿಯಿತು. 16 ಸ್ಕ್ವೇರ್ ಎಂಎಂ ತವರದ ವೈರ್, 175 ಆಂಪ್ ಪ್ಲಗ್, 60 ಆಂಪಿನ ಡಿಸಿ ಬ್ರೇಕರ್ ಈಗ ಬ್ಯಾಟರಿ ಪಕ್ಕ. ಲಗ್ಗುಗಳನ್ನು ಹೈಡ್ರಾಲಿಕ್ ಕ್ರಿಂಪರ್ ಇರುವ ವರ್ಕ್‌ಶಾಪಿನಲ್ಲಿ ಒತ್ತಿಸಿದೆ. ಬ್ಯಾಟರಿ ಮಾತ್ರ ಅದೇ ಲೆಡ್ ಆಸಿಡ್.

ಆಂಪ್: 47
ಬ್ಯಾಟರಿ ಕಂಬದಲ್ಲಿ: 11.9
ಮೋಟರ್ ಹತ್ತಿರ: 11.3
ಎರಡು ವೈರ್ ಸೇರಿ: 0.49
ಬ್ರೇಕರ್: 0.07
ಪ್ಲಗ್: 0.04

ಆಂಪ್ 44ರಿಂದ 47ಕ್ಕೆ ಏರಿದೆ, ಆದರೂ ಪ್ಲಗ್ ತಣ್ಣಗಿದೆ. ಎಳೆತದ ವ್ಯತ್ಯಾಸ ಹಗ್ಗದಲ್ಲೇ ಗೊತ್ತಾಯಿತು, ಮೊದಲಿಗಿಂತ ಬಿಗಿಯಾಗಿ ಎಳೆಯುತ್ತಿತ್ತು. ಬ್ರೇಕರ್ ಬೀಳಲೇ ಇಲ್ಲ. ಪ್ರೊಪೆಲ್ಲರ್ ಹಿಂದೆ ಗಾಳದ ದಾರವೂ ಸಿಕ್ಕಿತು, ಗಾಳಪುರಾಣ ಅವರಿಗೆ ಸಲಾಂ. ಸೀಲ್ ಚೆನ್ನಾಗಿದೆ.

ನದಿಮೂಲ
ವೋಲ್ಟೇಜ್ ಏರಿದರೆ ಆಂಪ್ ಏರುತ್ತದೆ ಅನ್ನುವುದು ಮೀಟರಿನಲ್ಲೇ ಬಂತು. ಸೋತೆ 🙏

ಗಾಳಪುರಾಣ
ದಾರ ಎಷ್ಟು ಉದ್ದ ಇತ್ತು?

ಹಾಯಿಲ್ಲದವ
ಇನ್ನೊಂದು ಗಾಳ ಕಟ್ಟುವಷ್ಟು.

ಎರಡುಬ್ಯಾಟರಿ
16 ಸ್ಕ್ವೇರ್ ಎಂಎಂಗೆ ಲಗ್ಗಿನ ತೂತು ಎಷ್ಟರದು ತಂದಿರಿ? ನನ್ನ ಬ್ಯಾಟರಿ ಬೋಲ್ಟ್ ಎಂ8.

ಹಾಯಿಲ್ಲದವ
ನನ್ನದೂ ಎಂ8. 16-8 ಅಂತ ಲಗ್ ಮೇಲೇ ಕೊರೆದಿರುತ್ತದೆ, ಮೊದಲನೆಯದು ವೈರ್, ಎರಡನೆಯದು ಬೋಲ್ಟ್. ಬ್ರೇಕರ್ ಬೋಲ್ಟ್ ಬೇರೆ ಸೈಜ್ ಇರಬಹುದು, ಅಳೆದುಕೊಂಡು ಹೋಗಿ. ನನ್ನದು ಎಂ6 ಇತ್ತು, ಹಾಗಾಗಿ ಆ ಕಡೆಗೆ 16-6 ತಂದೆ.